ಕರಿ ದಾರದ ಮೇಲಿನ ದೂರು

“ಅಮ್ಮಾ, ತಾತನ ಹೊಟ್ಟೆಯೊಳಗೆ ದಾರದ ಉಂಡೆ ಇದೆಯಾ?”

ಪುಟ್ಟಿಯ ತಲೆ ಒರೆಸುತ್ತಿದ್ದೆ. ಪ್ರಶ್ನೆ ಟವೆಲ್ಲಿನ ಒಳಗಿನಿಂದ ಬಂತು. ಅವಳಿಗೆ ಐದು ವರ್ಷ, ಎದ್ದಾಗಿನಿಂದ ಬಾಯಿಗೆ ಬಿಡುವಿಲ್ಲ. ಎಲ್ಲಕ್ಕೂ ಉತ್ತರ ಕೊಡುತ್ತಾ ಕೂತರೆ ಒಲೆಯ ಮೇಲಿನ ಹಾಲು ಉಕ್ಕಿ ಹೋಗುತ್ತದೆ. “ಇಲ್ಲ ಕಣೆ, ದಾರ ಯಾರಾದ್ರೂ ತಿಂತಾರಾ” ಎಂದು ಒರೆಸುವುದನ್ನು ಮುಂದುವರಿಸಿದೆ.

“ತಾತ ತಿಂತಾರೆ. ಅವರೇ ಹೇಳಿದ್ರು. ಕರಿ ದಾರ ಬಾಯಲ್ಲಿ ಇಟ್ಕೊಂಡು ಇಟ್ಕೊಂಡು ಹೊಟ್ಟೆಯೆಲ್ಲಾ ಕರೀ ಆಗ್ಬಿಟ್ಟಿದೆಯಂತೆ. ಅದಕ್ಕೇ ಕಕ್ಕನೂ ಕರೀ ಬರುತ್ತಂತೆ. ನಾನು ನೋಡ್ದೆ. ತಾತ ನೀರು ಹಾಕೋಕೆ ಮರೆತಿದ್ರು. ರಸ್ತೆಗೆ ಹಾಕ್ತಾರಲ್ಲ ಟಾರು, ಹಾಗೇ ಇತ್ತು!”

ನನ್ನ ಕೈ ಅಲ್ಲೇ ನಿಂತಿತು.

ಮಗು ಹೆತ್ತವಳಿಗೆ ಈ ವಿಷಯದಲ್ಲಿ ಅಸಹ್ಯ ಎಂಬುದು ಉಳಿಯುವುದಿಲ್ಲ. ಪುಟ್ಟಿ ಕೂಸಾಗಿದ್ದಾಗ ಹಳದಿಯೋ ಹಸಿರೋ ಎಂದು ದಿನವೂ ಬಟ್ಟೆ ಬಿಚ್ಚಿ ನೋಡಿ ಆ ಬಣ್ಣಗಳಲ್ಲಿ ಪಂಡಿತಳೇ ಆಗಿಬಿಟ್ಟಿದ್ದೆ. ಆಗ ಮಕ್ಕಳ ಡಾಕ್ಟರು ಹೇಳಿದ ಮಾತು ತಲೆಯಲ್ಲಿ ಕೂತಿತ್ತು: “ಹಸಿರಿಗೆಲ್ಲಾ ಗಾಬರಿ ಬೇಡಮ್ಮ. ಕೆಂಪು ಬಂದ್ರೆ, ಇಲ್ಲಾ ಟಾರಿನ ಥರ ಕಪ್ಪಗೆ ಅಂಟಂಟಾಗಿ ಬಂದ್ರೆ ಮಾತ್ರ ಎತ್ಕೊಂಡು ಓಡಿ ಬಾ. ಅದು ಒಳಗಿನ ರಕ್ತ.” ಮಕ್ಕಳಿಗೆ ನಿಜವಾದದ್ದು ಮುದುಕರಿಗೆ ಸುಳ್ಳಾಗುತ್ತದೆಯೇ?

ಪುಟ್ಟಿಯ ತಾತ ಎಂದರೆ ನನ್ನ ಮಾವ. ದರ್ಜಿ. ಮನೆ ಮೇಲೆ, ಅಂಗಡಿ ಕೆಳಗೆ, ನಡುವೆ ಕಡಿದಾದ ಕಲ್ಲಿನ ಮೆಟ್ಟಿಲು. ಹಿಂದಿನ ಬೀದಿಯಲ್ಲೇ ನ್ಯಾಯಾಲಯ. ಹಾಗಾಗಿ ಅವರು ಹೊಲಿಯುವುದು ಎರಡೇ ಬಗೆ: ವಕೀಲರ ಕರಿ ಕೋಟು, ವಕೀಲರ ಕರಿ ಗೌನು. ಬೀದಿಯವರಿಗೆಲ್ಲಾ ಅವರು ‘ಕೋಟು ಮೇಷ್ಟ್ರು’. “ನಾನು ಹುಟ್ಟಿದ ಮೇಲೆ ಕೋರ್ಟಿನ ಮೆಟ್ಟಿಲು ಹತ್ತಿದವನಲ್ಲ, ನನ್ನ ಕೈಕೆಲಸ ಮಾತ್ರ ದಿನಾ ಹತ್ತಿ ಇಳಿಯುತ್ತೆ” ಎನ್ನುವುದು ಅವರ ಹಳೆಯ ಜೋಕು. ಹೊಸ ವಕೀಲರು ಯಾರೇ ಬರಲಿ, ಇದನ್ನು ಹೇಳಿದ ಮೇಲೆಯೇ ಅಳತೆ ಟೇಪು ಬಿಚ್ಚುವುದು. ಮೊದಲ ಸಲ ಕರಿ ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತಾಗ ಆ ಹುಡುಗ ಹುಡುಗಿಯರ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದಲ್ಲ, ಅದನ್ನು ನೋಡುವುದೆಂದರೆ ಮಾವನಿಗೆ ಹಬ್ಬದೂಟ. “ಕೇಸು ಗೆಲ್ತೀಯೋ ಸೋಲ್ತೀಯೋ ನನಗೆ ಗೊತ್ತಿಲ್ಲಪ್ಪ, ಭುಜವಂತೂ ಗೆದ್ದಿದೆ” ಅನ್ನುತ್ತಾರೆ.

ನಾನು ಬಸುರಿಯಾಗಿದ್ದ ಚಳಿಗಾಲದಲ್ಲಿ ನನಗೂ ಒಂದು ಕೋಟು ಹೊಲಿದಿದ್ದರು. ಎರಡೂ ಪಕ್ಕಕ್ಕೆ ಲಾಡಿ ಇಟ್ಟು, ಹೊಟ್ಟೆ ಬೆಳೆದ ಹಾಗೆ ಸಡಿಲ ಮಾಡಿಕೊಳ್ಳುವಂತೆ. ಅದನ್ನು ಅತ್ತೆಯ ಕೈಲಿ ಮೇಲೆ ಕಳಿಸಿದರೇ ಹೊರತು ತಾವಾಗಿ ಒಂದು ಮಾತಾಡಲಿಲ್ಲ. ನಾನು ಹಾಕಿಕೊಂಡು ಕೆಳಗಿಳಿದಾಗ ಕನ್ನಡಕದ ಮೇಲಿಂದ ಒಮ್ಮೆ ನೋಡಿ, “ಕಂಕುಳಲ್ಲಿ ಹಿಡಿಯುತ್ತಾ?” ಎಂದರು. “ಇಲ್ಲ ಮಾವ” ಎಂದೆ. ಅಲ್ಲಿಗೆ ಮುಗಿಯಿತು. ನಮ್ಮಿಬ್ಬರ ಅಕ್ಕರೆ ಇರುವುದೇ ಇಂಥ ಅರ್ಧ ಮಾತುಗಳಲ್ಲಿ.

ಅವರ ಅಂಗಡಿಯಲ್ಲಿ ಒಂದು ಕಟ್ಟಳೆಯಿದೆ. ಬಟ್ಟೆ ಕತ್ತರಿಸುವ ಮೇಜು ಇರುವ ಕೋಣೆಗೆ ನೀರಿಲ್ಲ, ಟೀ ಇಲ್ಲ, ತಿಂಡಿಯ ಚೂರೂ ಇಲ್ಲ. ಕೆಲಸ ಕಲಿಸಿದ ಗುರು ಹಾಕಿಕೊಟ್ಟ ಪಾಠವಂತೆ. ಕರಿ ಬಟ್ಟೆಯ ಮೇಲೆ ಒಂದು ಹನಿ ಬಿದ್ದು ಒಣಗಿದರೂ ಬಿಸಿಲಿಗೆ ಹಿಡಿದಾಗ ಅದರ ಅಂಚು ಕಂಡುಬಿಡುತ್ತದೆ. ಆದ್ದರಿಂದ ಸೂಜಿಗೆ ಪೋಣಿಸುವ ದಾರವನ್ನೂ ಅವರು ನಾಲಿಗೆಯ ಮೇಲೆ ಎಳೆದು ಒದ್ದೆ ಮಾಡುತ್ತಾರೆ, ಹಲ್ಲಲ್ಲೇ ಕಚ್ಚಿ ತುಂಡರಿಸುತ್ತಾರೆ. ಕೆಲಸಕ್ಕೆ ಕೂತರೆ ಏಳುವವರೆಗೂ ತುಟಿಯಂಚಿನಲ್ಲಿ ಕರಿ ದಾರದ ಎಳೆಯೊಂದು ಇದ್ದೇ ಇರುತ್ತದೆ. ಮೊಮ್ಮಗಳಿಗೆ ಅವರು ಹೇಳಿದ್ದು ಪೂರಾ ಕಟ್ಟುಕತೆ ಎನ್ನುವಂತಿರಲಿಲ್ಲ.

ಅಡುಗೆಮನೆಗೆ ಹೋಗಿ ಅತ್ತೆಗೆ ಹೇಳಿದೆ. ಅವರು ಸೌತೆಕಾಯಿ ಹೆಚ್ಚುತ್ತಿದ್ದರು.

“ಹೂಂ, ನನಗೂ ಹೇಳಿದ್ರು. ದಾರದಂಗಡಿಯವನು ಬಣ್ಣ ಬಿಡೋ ಮಾಲು ಕೊಟ್ಟಿದಾನೆ ಅಂತ ಹೋಗಿ ಜಗಳ ಬೇರೆ ಆಡ್ಕೊಂಡು ಬಂದಿದಾರೆ. ನಂಗೆ ಅದಕ್ಕಿಂತ ಅವರು ಊಟ ಬಿಟ್ಟಿರೋದೇ ಚಿಂತೆ. ತಟ್ಟೆ ಮುಂದೆ ಕೂತು ಎರಡು ತುತ್ತಿಗೇ ‘ಹೊಟ್ಟೆ ತುಂಬ್ತು’ ಅಂತಾರೆ. ಮೂಲೆ ಹೋಟೆಲಲ್ಲಿ ಕದ್ದು ತಿಂದು ಬರ್ತಾರೆ ಅಂತ ನನ್ನ ಗುಮಾನಿ.”

“ಕದ್ದು ತಿಂದೋರ ಮುಖ ಹಾಗಿರುತ್ತಾ ಅತ್ತೆ? ಸೀಮೆಸುಣ್ಣದ ಹಾಗೆ ಬಿಳಿಚಿಕೊಂಡಿದಾರೆ. ನಿನ್ನೆ ಮೆಟ್ಟಿಲು ಹತ್ತುವಾಗ ಮಧ್ಯದಲ್ಲಿ ಗೋಡೆ ಹಿಡ್ಕೊಂಡು ನಿಂತಿದ್ರು.”

ಅತ್ತೆ ಚಾಕು ಕೆಳಗಿಟ್ಟರು. “ನಾನೂ ನೋಡ್ದೆ. ವಯಸ್ಸಾಯ್ತಲ್ಲ ಅಂದ್ಕೊಂಡೆ.”

ಕೆಳಗೆ ಹೋದೆವು. ಹೊಸ ವಕೀಲರು ಪ್ರಮಾಣ ಸ್ವೀಕರಿಸುವ ದಿನ ಹತ್ತಿರ ಬರುತ್ತಿತ್ತು. ಗೋಡೆಯುದ್ದಕ್ಕೂ ತೋಳಿಲ್ಲದ, ಗುಂಡಿಯಿಲ್ಲದ ಅರೆಬರೆ ಕೋಟುಗಳು ನೇತಾಡುತ್ತಿದ್ದವು. ಮಾವ ಅವುಗಳ ನಡುವೆ ತಲೆ ತಗ್ಗಿಸಿ ಕೂತಿದ್ದರು.

“ಮಾವ, ಡಾಕ್ಟರ ಹತ್ರ ಹೋಗಿಬರೋಣ.”

“ಯಾಕಮ್ಮ, ಪುಟ್ಟಿಗೆ ಹುಷಾರಿಲ್ವಾ?”

“ಪುಟ್ಟಿಗಲ್ಲ, ನಿಮಗೆ.”

“ನನಗೇನಾಗಿದೆ, ಗುಂಡುಕಲ್ಲಿನ ಹಾಗಿದೀನಿ.”

ಪುಟ್ಟಿ ಕಂಡದ್ದನ್ನು ಹೇಳಿದೆ. ಸೊಸೆಯ ಬಾಯಲ್ಲಿ ಆ ಮಾತು ಕೇಳಿ ಅವರ ಕಿವಿ ಕೆಂಪಾಗಬೇಕಿತ್ತು. ಕೆಂಪಾಗುವಷ್ಟು ರಕ್ತವೂ ಮೈಯಲ್ಲಿರಲಿಲ್ಲವೇನೋ.

“ಆ ಚೋಟುದ್ದದ್ದು ಡಂಗುರ ಸಾರಿಬಿಡ್ತಾ! ದಾರದ ಬಣ್ಣ ಕಣಮ್ಮ ಅದು. ಬಾಯಿಗೆ ಹೋಗಿದ್ದು ಹೊರಗೆ ಬರಬೇಕಲ್ಲ. ಈ ಸಲದ ಮಾಲು ಸರಿಯಿಲ್ಲ. ಕೋಟುಗಳು ನೋಡು ಹೇಗೆ ನೇತಾಡ್ತಿವೆ. ನಾನು ಆಸ್ಪತ್ರೆ ಗೀಸ್ಪತ್ರೆ ಅಂತ ಕೂತ್ರೆ ಆ ಮಕ್ಕಳು ಬನೀನಲ್ಲಿ ಪ್ರಮಾಣ ಮಾಡಬೇಕಾ?”

ವಾದಕ್ಕೆ ಇಳಿದರೆ ಗೆಲ್ಲುವವರು ಅವರೇ, ವಕೀಲರ ಸಹವಾಸ. “ಸರಿ ಮಾವ, ಆ ದಾರದ ಉಂಡೆ ಒಂದು ಕೊಡಿ” ಎಂದೆ.

“ಯಾಕೆ?”

“ಎಷ್ಟು ಬಣ್ಣ ಬಿಡುತ್ತೆ ನೋಡೋಣ.”

ಮೇಲಿನಿಂದ ಬಿಳಿ ಬಟ್ಟಲಿನಲ್ಲಿ ಬಿಸಿನೀರು ತಂದೆ. “ನೀರು ಒಳಗೆ ತರಬೇಡ” ಎಂದು ಮಾವ ಕೂಗಿದ್ದರಿಂದ ಬಾಗಿಲಾಚೆ, ಕೊನೆಯ ಮೆಟ್ಟಿಲಿನ ಮೇಲೆ ಬಟ್ಟಲಿಟ್ಟು ದಾರವನ್ನು ಸಿಂಬಿ ಮಾಡಿ ಮುಳುಗಿಸಿದೆ. ನೀರು ತಿಳಿಯಾಗಿಯೇ ಇತ್ತು. ಸೋಪಿನ ಪುಡಿ ಹಾಕಿ ಕದಡಿದೆ, ನೊರೆ ಬೆಳ್ಳಗೆ ಎದ್ದಿತು. ಹೊಟ್ಟೆಯಲ್ಲಿ ಹುಳಿಯೂ ಇರುತ್ತದಲ್ಲ ಎಂದು ಬೇರೆ ನೀರು ತಂದು ಅರ್ಧ ನಿಂಬೆಹಣ್ಣು ಹಿಂಡಿದೆ. ಅತ್ತೆ, ಪುಟ್ಟಿ ಇಬ್ಬರೂ ಕುಕ್ಕರುಗಾಲಲ್ಲಿ ಕೂತು ಬಟ್ಟಲಿನೊಳಗೆ ಇಣುಕಿದರು.

“ತಾತಾ, ನೀರು ನೀರಾಗೇ ಇದೆ!” ಎಂದು ಪುಟ್ಟಿ ತೀರ್ಪು ಕೊಟ್ಟಳು.

ಮಾವ ಎದ್ದು ಬಂದರು. ಒದ್ದೆ ದಾರವನ್ನೆತ್ತಿ ತಮ್ಮ ಬಿಳಿ ಕರವಸ್ತ್ರದ ನಡುವೆ ಇಟ್ಟು ಬಲವಾಗಿ ಉಜ್ಜಿದರು. ಬಿಡಿಸಿ ನೋಡಿದರು. ಮಗ್ಗುಲು ಬದಲಿಸಿ ಮತ್ತೊಮ್ಮೆ ಉಜ್ಜಿದರು. ಕರವಸ್ತ್ರದ ಮೇಲೆ ಒಂದು ಗೆರೆಯೂ ಇಲ್ಲ.

“ಪಕ್ಕಾ ಬಣ್ಣ” ಎಂದರು ಕೊನೆಗೆ. ಬೇರೆ ಯಾರು ಹೇಳಿದ್ದರೂ ಅವರು ಒಪ್ಪುತ್ತಿರಲಿಲ್ಲ. ಬಟ್ಟೆಯೇ ಹೇಳಿದ ಮೇಲೆ ಎದುರಾಡುವವರಲ್ಲ. ಕರವಸ್ತ್ರ ಮಡಚುತ್ತಾ, “ಪಾಪ, ದಾರದವನಿಗೆ ಸುಮ್ಮಸುಮ್ಮನೆ ಬೈದುಬಿಟ್ಟೆ” ಎಂದರು. ಆಮೇಲೆ ದನಿ ತಗ್ಗಿಸಿ, “ಹಾಗಾದ್ರೆ ಇದೇನಮ್ಮ?”

“ಒಳಗೆಲ್ಲೋ ರಕ್ತ ಸೋರ್ತಿರಬೇಕು ಮಾವ.”

ಅವರು ಒಳಗೆ ಹೋಗಿ ಕೋಟುಗಳ ಮೇಲೆ ಬಿಳಿ ಹೊದಿಕೆ ಎಳೆದು, ದೀಪ ಆರಿಸಿ, ಚಪ್ಪಲಿ ಮೆಟ್ಟಿಕೊಂಡರು. ಛಾಪಾಖಾನೆಯ ಕೆಲಸದಲ್ಲಿದ್ದ ನನ್ನ ಗಂಡನಿಗೆ ಫೋನು ಮಾಡಿ ನೇರ ಆಸ್ಪತ್ರೆಗೇ ಬರಲು ಹೇಳಿದೆ. ಪುಟ್ಟಿಯನ್ನು ಪಕ್ಕದ ಮನೆಯಲ್ಲಿ ಬಿಟ್ಟು ನಾವು ಮೂವರು ಟ್ಯಾಕ್ಸಿ ಹತ್ತಿದೆವು.

ಅಲ್ಲಿದ್ದ ಡಾಕ್ಟರಮ್ಮ ಮಾವನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ನಾಡಿ ಹಿಡಿದು, ಒಂದೊಂದಾಗಿ ಕೇಳುತ್ತಾ ಹೋದರು.

“ಹೊಟ್ಟೆ ನೋವು?”

“ಇಲ್ಲ.”

“ಉರಿ?”

“ಇಲ್ಲ.”

“ಕಬ್ಬಿಣದ ಮಾತ್ರೆ, ಟಾನಿಕ್ಕು ಏನಾದ್ರೂ?”

“ಇಲ್ಲ.”

“ನೋವಿನ ಮಾತ್ರೆ?”

ಮಾವ ಛಾವಣಿಯ ಫ್ಯಾನು ನೋಡಿದರು. ಅತ್ತೆ ಮಾವನನ್ನು ನೋಡಿದರು. ಆಮೇಲೆ ಮಾವ ಜೇಬಿನಿಂದ ಗುಂಡಿ ಹಾಕಿಡುವ ಪುಟ್ಟ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಮುಚ್ಚಳ ತೆಗೆದರೆ ಕರಿ ಗುಂಡಿಗಳ ನಡುವೆ ಬಿಳಿ ಮಾತ್ರೆಗಳು.

“ಹೆಬ್ಬೆರಳಿನ ಬುಡ ನೋಯುತ್ತೆ ಡಾಕ್ಟ್ರೇ. ಇದನ್ನ ನುಂಗಿದ್ರೆ ಸೂಜಿ ಹಿಡಿಯೋಕಾಗುತ್ತೆ. ಬೆಳಗ್ಗೆ ಒಂದು, ಮಧ್ಯಾಹ್ನ ಒಂದು. ಕೆಲಸ ಜಾಸ್ತಿ ಇದ್ರೆ ಇನ್ನೊಂದು.”

“ಊಟ ಆದ್ಮೇಲೆ ತಾನೇ?”

“ಕೆಲಸದ ಮಧ್ಯೆ.”

“ನೀರು ಕುಡೀತೀರಾ ಜೊತೆಗೆ?”

“ಮೇಜಿನ ಹತ್ರ ನೀರು ತರೋ ಹಾಗಿಲ್ಲ” ಎಂದರು ಮಾವ, ಡಾಕ್ಟರಿಗೆ ಇಷ್ಟೂ ಗೊತ್ತಿಲ್ಲವೇ ಎಂಬಂತೆ. “ಉಗುಳಲ್ಲೇ ನುಂಗ್ತೀನಿ.”

“ಹಾಗಾದ್ರೆ ಹೊಟ್ಟೆಯಲ್ಲಿ ಹುಣ್ಣಾಗಿರಬೇಕು” ಎಂದರು ಡಾಕ್ಟರಮ್ಮ. ಅತ್ತೆಗೆ ತಡೆಯಲಾಗಲಿಲ್ಲ. “ನೋಡಿ ಡಾಕ್ಟ್ರೇ, ಬಟ್ಟೆ ಮೇಲೆ ಒಂದು ಹನಿ ನೀರು ಬೀಳಬಾರದು, ಹೊಟ್ಟೆಗೆ ಬೆಂಕಿ ಬಿದ್ರೂ ಚಿಂತೆಯಿಲ್ಲ! ಇಂಥವರ ಜೊತೆ ನಲವತ್ತು ವರ್ಷ ಬಾಳ್ವೆ ಮಾಡಿದೀನಿ. ನ್ಯಾಯವಾಗಿ ಹುಣ್ಣು ನನಗಾಗಬೇಕಿತ್ತು.”

“ನಿನಗಾಗಲ್ಲ ಬಿಡು, ನೀನು ಏನನ್ನೂ ಒಳಗಿಟ್ಕೊಳ್ಳೋಳಲ್ಲ” ಎಂದರು ಮಾವ.

ಡಾಕ್ಟರಮ್ಮ ನಕ್ಕರು, ಆದರೆ ಅವರನ್ನು ಮನೆಗೆ ಬಿಡಲಿಲ್ಲ. ಅಂದೇ ಮಾವನಿಗೆ ರಕ್ತ ಏರಿಸಿದರು. ಬಾಯಿಯಿಂದ ಸಣ್ಣ ಕೊಳವೆ ಇಳಿಸಿ ಒಳಗೆ ನೋಡಿದರು. ಜಠರದಲ್ಲಿ ಹುಣ್ಣು, ಅದರ ತಳದಲ್ಲಿ ಒಸರುತ್ತಿದ್ದ ಒಂದು ರಕ್ತನಾಳ. ಇನ್ನೂ ತಡ ಮಾಡಿದ್ದರೆ ಅಂಗಡಿಯಲ್ಲೇ ಕುಸಿದು ಬೀಳುತ್ತಿದ್ದರು ಎಂದು ನನ್ನನ್ನೂ ನನ್ನ ಗಂಡನನ್ನೂ ಪಕ್ಕಕ್ಕೆ ಕರೆದು ಹೇಳಿದರು. ನನ್ನ ಗಂಡ ನನ್ನ ಕೈ ಹಿಡಿದುಕೊಂಡರು.

ಮರುದಿನ ಮಾವ ದಿಂಬಿಗೆ ಒರಗಿ ಕೂತಿದ್ದಾಗ ಡಾಕ್ಟರಮ್ಮ ಮಂಚದ ಅಂಚಿನಲ್ಲಿ ಕೂತು ಎಲ್ಲವನ್ನೂ ಬಿಡಿಸಿ ಹೇಳಿದರು.

“ಊಟ ಕರಗಿಸೋಕೆ ಜಠರದಲ್ಲಿ ಆಮ್ಲ ಇರುತ್ತೆ. ಅದು ಜಠರವನ್ನೇ ಸುಡಬಾರದಲ್ಲ, ಅದಕ್ಕೆ ಒಳಗಡೆ ಲೋಳೆಯ ಒಂದು ಪದರ ಕಾವಲಿಗಿರುತ್ತೆ. ವಯಸ್ಸಾಗ್ತಾ ಆ ಕಾವಲು ಸೊರಗುತ್ತೆ. ಗಾಯವಾದ್ರೆ ಮಾಯೋದೂ ನಿಧಾನ. ಅದರ ಮೇಲೆ ನಿಮ್ಮ ಮಾತ್ರೆ. ಅದು ಬೆರಳಿನ ನೋವು ಕಡಿಮೆ ಮಾಡ್ತಾ ಮಾಡ್ತಾ, ಆ ಪದರ ಕಟ್ಟೋ ಕೆಲಸವನ್ನೂ ತಡೆದುಬಿಡುತ್ತೆ. ಊಟ ಮಾಡಿ ನುಂಗಿದ್ರೂ ನಿಮ್ಮ ವಯಸ್ಸಿಗೆ ಅಪಾಯವೇ.”

“ಅಂದ್ರೆ ಲೈನಿಂಗು ಹರಿದಿದೆ ಅನ್ನಿ.”

“ಹೂಂ, ಲೈನಿಂಗು ಹರಿದು ಬಟ್ಟೆಯವರೆಗೂ ಸವೆದಿದೆ. ರಕ್ತ ನಿಲ್ಲಲಿ ಅಂತ ಸಣ್ಣ ಕ್ಲಿಪ್ಪು ಹಾಕಿದೀನಿ. ಅದು ಆಮೇಲೆ ತಾನಾಗೇ ಬಿದ್ದುಹೋಗುತ್ತೆ.”

“ಓ, ಕಚ್ಚಾ ಹೊಲಿಗೆ. ಹಾಗಾದ್ರೆ ಪಕ್ಕಾ ಹೊಲಿಗೆ ಯಾವಾಗ?”

“ಅದು ನನ್ನ ಕೆಲಸ ಅಲ್ಲ. ಆಮ್ಲ ಕಡಿಮೆಯಾಗೋಕೆ ಮಾತ್ರೆ ಕೊಡ್ತೀನಿ, ನೀವು ಆ ಹಳೇ ಮಾತ್ರೆ ಮುಟ್ಟಬೇಡಿ. ಒಳಗಿನ ಪದರ ಅದೇ ಬೆಳೆದು ಮುಚ್ಚಿಕೊಳ್ಳುತ್ತೆ. ಮುಚ್ಚಿದೆಯಾ ಅಂತ ಮುಂದೆ ಒಂದ್ಸಲ ನೋಡ್ತೀನಿ, ಅಷ್ಟೇ.”

ಮಾವ ಹೊಟ್ಟೆಯ ಮೇಲೆ ಅಂಗೈಯಿಟ್ಟುಕೊಂಡರು. ಮುಖದಲ್ಲಿ ಒಳ್ಳೆಯ ಉಣ್ಣೆ ಬಟ್ಟೆ ಮುಟ್ಟಿದಾಗ ಬರುವ ಸಂತೋಷ. “ಇಷ್ಟು ವರ್ಷ ಹೊಲಿದೆ, ತಾನೇ ಹೊಲ್ಕೊಳ್ಳೋ ಬಟ್ಟೆ ಮಾತ್ರ ನೋಡಿರಲಿಲ್ಲ.”

“ಒಂದು ಚೂರೂ ನೋವಿರಲಿಲ್ವಲ್ಲ ಡಾಕ್ಟ್ರೇ?” ಎಂದು ನಾನು ಕೇಳಿದೆ. ವಯಸ್ಸಾದವರಲ್ಲಿ ಎಷ್ಟೋ ಸಲ ಹೀಗೇ, ಹುಣ್ಣು ಸದ್ದು ಮಾಡದೆ ಬರುತ್ತದೆ, ಕಪ್ಪಗೆ ಹೋಗುವುದು, ಸುಸ್ತು, ಊಟ ಸೇರದಿರುವುದು ಇವೇ ಸುಳಿವು ಎಂದರು. ಅತ್ತೆ ತಮ್ಮ ಸಂಶಯ ಮುಂದಿಟ್ಟರು: “ಖಾರ ಜಾಸ್ತಿ ತಿಂತಾರೆ, ಅದಕ್ಕಲ್ವಾ?” ಖಾರದಿಂದ ಹುಣ್ಣಾಗುವುದಿಲ್ಲ, ಇಂಥ ಮಾತ್ರೆ ಬಿಟ್ಟರೆ ಒಂದು ಬಗೆಯ ಕ್ರಿಮಿಯಿಂದ ಆಗುತ್ತದೆ, ಅದನ್ನೂ ಪರೀಕ್ಷಿಸಿ ನೋಡಿದ್ದಾಗಿದೆ, ಇವರಲ್ಲಿ ಅದಿಲ್ಲ ಎಂದರು ಡಾಕ್ಟರಮ್ಮ. ಅಷ್ಟು ವರ್ಷ ಖಾರದ ಮೇಲೆ ಗಂಡನ ಜೊತೆ ಜಗಳವಾಡಿದ್ದು ವ್ಯರ್ಥವಾಯಿತಲ್ಲ ಎಂದು ಅತ್ತೆಯ ಮುಖ ಸ್ವಲ್ಪ ಪೆಚ್ಚಾಯಿತು.

ಮಾವನ ಪ್ರಶ್ನೆ ಒಂದೇ ಉಳಿದಿತ್ತು. “ಮಾತ್ರೆ ಇಲ್ಲ ಅಂದ್ರೆ ನಾನು ಸೂಜಿ ಹಿಡಿಯೋದು ಹೇಗೆ?”

ಹಚ್ಚುವ ಮುಲಾಮು, ಬಿಸಿನೀರಿನ ಶಾಖ, ಹೆಬ್ಬೆರಳಿಗೆ ಕಟ್ಟುವ ಪಟ್ಟಿ, ನೋವು ತಡೆಯಲಾಗದಿದ್ದರೆ ಹೊಟ್ಟೆಗೆ ಹಾನಿಯಿಲ್ಲದ ಬೇರೊಂದು ಮಾತ್ರೆ, ಅದೂ ತಮ್ಮನ್ನು ಕೇಳಿಯೇ. “ಆ ಬೆರಳಿಗೆ ಸ್ವಲ್ಪ ರಜಾ ಕೊಡಿ” ಎಂದರು ಡಾಕ್ಟರಮ್ಮ. ಮಾವ ತಲೆಯಾಡಿಸಿದರು. ಡಾಕ್ಟರಮ್ಮ ಹೋದ ಮೇಲೆ ಗೋಡೆಯ ಕಡೆ ಹೊರಳಿ ಮಲಗಿದರು. ಹೊಟ್ಟೆಯ ಮಾತು ಕೇಳಿದಾಗ ಅರಳಿದ್ದ ಮುಖ ಬೆರಳಿನ ಮಾತಿಗೆ ಬಾಡಿತ್ತು.

ಮನೆಗೆ ಬಂದ ಮೇಲೆ ಹೊಟ್ಟೆಯದು ಸಲೀಸಾಗಿಯೇ ಸಾಗಿತು. ಈಗ ಮೂರು ಹೊತ್ತೂ ಮೇಲೆ ಬಂದು ಊಟ ಮಾಡುತ್ತಾರೆ. ಅಂಗಡಿ ಬಾಗಿಲಿನಾಚೆ ಒಂದು ಸ್ಟೂಲು, ಅದರ ಮೇಲೆ ನೀರಿನ ಹೂಜಿ. ಗುರುವಿನ ಕಟ್ಟಳೆಯೂ ಮುರಿಯಲಿಲ್ಲ, ಗಂಟಲೂ ಒಣಗಲಿಲ್ಲ. ಮೆಟ್ಟಿಲಲ್ಲಿ ಗೋಡೆ ಹಿಡಿಯುವುದು ನಿಂತಿತು. ದಾರದಂಗಡಿಗೆ ತಾವೇ ಹೋಗಿ ತಪ್ಪಾಯಿತೆಂದು ಹೇಳಿ ಬಂದರು. “ಅವನೇನಂದ?” ಎಂದು ಅತ್ತೆ ಕೇಳಿದರೆ, “ಏನಂತಾನೆ, ‘ಮೇಷ್ಟ್ರೇ, ನನ್ನ ದಾರದಲ್ಲಿ ಗಂಟು ಬೀಳುತ್ತೆ ಅಂದೋರಿದಾರೆ, ಹೊ‌ಟ್ಟೇಲಿ ಬಣ್ಣ ಬಿಡುತ್ತೆ ಅಂದೋರು ನೀವೊಬ್ಬರೇ’ ಅಂದ” ಎಂದು ಮಾವ ನಕ್ಕರು. ಅವರು ಹಾಗೆ ಮೈಯೆಲ್ಲಾ ಕುಲುಕಿಸಿ ನಕ್ಕದ್ದನ್ನು ನೋಡಿ ಎಷ್ಟು ಕಾಲವಾಗಿತ್ತೋ.

ಬೆರಳು ಮಾತ್ರ ಮಾತು ಕೇಳಲಿಲ್ಲ. ಪಟ್ಟಿ ಕಟ್ಟಿಕೊಂಡು ಮಷಿನ್ನು ತುಳಿಯುತ್ತಾರೆ, ತೋಳು ಕೂಡಿಸುತ್ತಾರೆ, ಇಸ್ತ್ರಿ ಎಳೆಯುತ್ತಾರೆ. ಬಟ್ಟೆ ಕತ್ತರಿಸುವುದೂ ನಿಧಾನಕ್ಕೆ ಆಗುತ್ತದೆ. ಆಗದಿರುವುದು ಕಾಜಾ. ಗುಂಡಿ ತೂರುವ ಆ ಸೀಳಿನ ಸುತ್ತ ಒತ್ತೊತ್ತಾಗಿ ಕೈಹೊಲಿಗೆ ಹಾಕಬೇಕು, ಪ್ರತಿ ಹೊಲಿಗೆಗೂ ಸೂಜಿಯನ್ನು ಹೆಬ್ಬೆರಳಲ್ಲಿ ಚಿವುಟಿ ಹಿಡಿದು ಎಳೆಯಬೇಕು. ಕೋಟಿನ ಮರ್ಯಾದೆಯೆಲ್ಲಾ ಅಲ್ಲೇ ಇದೆಯೆಂದು ಮಾವನ ನಂಬಿಕೆ. “ಮಷಿನ್ನಲ್ಲಿ ಕಾಜಾ ಹಾಕಿಸಿಬಿಡೋಣಪ್ಪ, ಯಾರು ನೋಡ್ತಾರೆ” ಎಂದು ನನ್ನ ಗಂಡ ಹೇಳಿದ್ದಕ್ಕೆ, “ನಾನು ನೋಡ್ತೀನಲ್ಲ” ಎಂದಷ್ಟೇ ಹೇಳಿ ಎದ್ದು ಹೋದರು.

ನಿನ್ನೆ ಊಟಕ್ಕೆ ಕರೆಯಲು ಕೆಳಗಿಳಿದೆ. ಮಾವ ಪಟ್ಟಿ ಬಿಚ್ಚಿಟ್ಟು ಒಂದು ಕಾಜಾಕ್ಕೆ ಕೂತಿದ್ದರು. ಹೊಲಿಗೆ ಅರ್ಧದವರೆಗೆ ಚೆನ್ನಾಗಿ ಬಂದು ಆಮೇಲೆ ಅಡ್ಡಾದಿಡ್ಡಿ ಹೋಗಿತ್ತು. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, ಸೂಜಿ ಮೊನೆಯಿಂದ ಒಂದೊಂದೇ ಹೊಲಿಗೆ ಬಿಚ್ಚತೊಡಗಿದರು. ಬಿಚ್ಚುವಾಗಲೂ ತುಟಿ ಕಚ್ಚಿಕೊಂಡಿದ್ದರು. ಗುಂಡಿ ಡಬ್ಬಿಯ ಕಡೆ ಅವರ ಕಣ್ಣು ಒಮ್ಮೆ ಹೋಯಿತು. ಡಬ್ಬಿಯಲ್ಲಿ ಈಗ ಗುಂಡಿ ಬಿಟ್ಟು ಬೇರೇನೂ ಇಲ್ಲ, ನಾನೇ ನೋಡಿದ್ದೇನೆ. ಆದರೆ ಬೀದಿಯ ತುದಿಯಲ್ಲೇ ಔಷಧಿ ಅಂಗಡಿಯಿದೆ, ಅದರ ಬಾಗಿಲು ನಾನು ಮುಚ್ಚಲಾರೆ.

“ಮಾವ, ಊಟ.”

ಅವರು ತಿರುಗಿದರು. ಸಿಕ್ಕಿಬಿದ್ದ ಮಗುವಿನಂತೆ ಕೋಟನ್ನು ತೊಡೆಯ ಮೇಲೆ ಮಡಚಿಟ್ಟುಕೊಂಡರು. ಆಮೇಲೆ ಏನನ್ನಿಸಿತೋ, ಮತ್ತೆ ಬಿಡಿಸಿ ನನ್ನ ಕಡೆ ಹಿಡಿದರು.

“ನೋಡು, ಹೇಗಿದೆ ಹೇಳು. ಸುಳ್ಳು ಹೇಳಬೇಡ.”

“ಈ ಕಡೆ ಚೆನ್ನಾಗಿದೆ. ಆ ಕಡೆ ಇಲ್ಲ.”

“ಹೂಂ. ಕಣ್ಣು ಪರವಾಗಿಲ್ಲ ನಿಂದು.” ಕೋಟನ್ನು ಮೇಜಿನ ಮೇಲಿಟ್ಟು, “ಎಲ್ಲಿ, ನಿನ್ನ ಕೈ ತೋರಿಸು” ಎಂದರು.

ಚಾಚಿದೆ. ಬೆರಳುಗಳನ್ನು ಮಡಚಿ, ಬಿಡಿಸಿ, ಹೆಬ್ಬೆರಳನ್ನು ಆಚೀಚೆ ಅಲುಗಿಸಿ ನೋಡಿದರು.

“ನೋಯುತ್ತಾ?”

“ಇಲ್ಲ ಮಾವ.”

“ಕಾಜಾ ಹೊಲಿಯೋಕೆ ಬರುತ್ತಾ?”

“ಗುಂಡಿ ಹಚ್ಚೋಕೆ ಬರುತ್ತೆ.”

“ಅದು ಗಂಡಸರಿಗೂ ಬರುತ್ತೆ” ಎಂದು ನಕ್ಕರು. ಗೋಡೆ ಪಕ್ಕದ ಇನ್ನೊಂದು ಸ್ಟೂಲನ್ನು ಕಾಲಿನಿಂದ ಮೇಜಿನ ಹತ್ತಿರಕ್ಕೆ ಎಳೆದರು. ಮುಖ ಮಾತ್ರ ಕೋಟಿನ ಕಡೆಗೇ ಇತ್ತು. ಯಾರಲ್ಲೂ ಏನನ್ನೂ ಕೇಳಿ ಅಭ್ಯಾಸವಿಲ್ಲದ ಮನುಷ್ಯ, ಮಾತು ತಡವರಿಸಿ ತಡವರಿಸಿ ಬಂತು.

“ಪುಟ್ಟಿ ಸ್ಕೂಲಿಗೆ ಹೋದ್ಮೇಲೆ ನಿನಗೆ ಪುರುಸೊತ್ತು ಸಿಕ್ಕಿದ್ರೆ... ಇಲ್ಲ ಅಂದ್ರೂ ನನಗೇನು ಬೇಜಾರಿಲ್ಲಮ್ಮ... ದಿನಾ ಒಂದು ಗಳಿಗೆ ಇಲ್ಲಿ ಬಂದು ಕೂತ್ಕೋತೀಯಾ? ನಾನು ಪಕ್ಕದಲ್ಲಿ ಕೂತು ಹೇಳಿಕೊಡ್ತೀನಿ. ನನ್ನ ಕೋಟುಗಳಿಗೆ ಕಾಜಾ ನೀನು ಹೊಲಿದುಕೊಡಬೇಕು.”